ಅಕ್ಕರೆಯಿಂದ ಹೊಣೆಗಾರಿಕೆಗೆ: ಪ್ರಾಣಿದಯೆಯ ಇನ್ನೂರು ವರ್ಷಗಳು



ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಸಾವಿರ ವರ್ಷಕ್ಕೂ ಹಳೆಯದಾದ ಒಂದು ಶಿಲೆಯಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಆ ಕಲ್ಲಿನ ಮೇಲೆ ಒಂದು ನಾಯಿಯೂ ಒಂದು ಕಾಡುಹಂದಿಯೂ ಸೆಣಸುತ್ತಿರುವ ಚಿತ್ರವನ್ನು ಕೆತ್ತಲಾಗಿದೆ. ಸುತ್ತಲೂ ಹಳಗನ್ನಡದ ಬರಹವಿದೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಏನು ಬೇಕೋ ಕೇಳೆಂದಾಗ, ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಗಂಗರ ಇಮ್ಮಡಿ ಬೂತುಗನ ಬಳಿಯಿದ್ದ 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಅದೇ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಆ ಕಲ್ಲಿನ ಪೂಜೆ ತಪ್ಪದಿರಲೆಂದು ಭೂಮಿಯನ್ನೂ ಬಿಟ್ಟುಕೊಡಲಾಯಿತು.

ಈ ಶಾಸನವನ್ನು ಓದುವಾಗ ಎರಡು ಭಾವನೆಗಳು ಒಟ್ಟಿಗೆ ಮೂಡುತ್ತವೆ. ಮೊದಲನೆಯದು ಸಂತೋಷ: ನಾಯಿಯನ್ನು ಇಷ್ಟೊಂದು ಮೆಚ್ಚಿದ ಜನ ನಮ್ಮ ನಾಡಿನಲ್ಲಿದ್ದರು. ಎರಡನೆಯದು ಒಂದು ಸಣ್ಣ ಕಸಿವಿಸಿ: ಅಷ್ಟು ಮೆಚ್ಚಿದ ನಾಯಿಯನ್ನು ಸಾವಿನ ಬಾಯಿಗೆ ಬಿಟ್ಟವರು ಅದನ್ನು ಮೆಚ್ಚಿದವರೇ ಅಲ್ಲವೇ? ಮಣಲೇರನನ್ನು ಇಂದು ದೂಷಿಸುವುದು ನ್ಯಾಯವಲ್ಲ. ಅದು ಅವನ ಕಾಲದ ರೀತಿ. ಆದರೆ ಆ ಶಿಲೆ ನಮಗೊಂದು ಪಾಠವನ್ನು ಹೇಳುತ್ತದೆ. ಪ್ರಾಣಿಗಳ ಮೇಲಿನ ಅಕ್ಕರೆ ಮನುಷ್ಯನಿಗೆ ಹೊಸದಲ್ಲ. ಸಾಕಿದ ಜೀವದ ನೋವಿಗೆ ಸಾಕಿದವನು ಉತ್ತರ ಕೊಡಬೇಕು ಎಂಬ ಮಾತನ್ನು ಕಾನೂನಿನ ಕಟ್ಟಳೆಯಾಗಿ ನಿಲ್ಲಿಸುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು. ಅಕ್ಕರೆ ಹೊಣೆಗಾರಿಕೆಯಾಗಿ ಬೆಳೆದ ಆ ಕಥೆಯನ್ನು ಈ ತಿಂಗಳು ನಿಮ್ಮ ಮುಂದಿಡಲು ಬಯಸುತ್ತೇನೆ. ಅದರ ಮುಖ್ಯ ಅಧ್ಯಾಯ ನಡೆದದ್ದು ನಮ್ಮ ನಾಡಿನಿಂದ ಬಹುದೂರದ ಲಂಡನ್ ನಗರದಲ್ಲಿ. ನಾವಿಂದು ಅನುಸರಿಸುವ ಕಾನೂನಿನ ಬೇರು ಅಲ್ಲಿರುವುದರಿಂದ ಸ್ವಲ್ಪ ಹೊತ್ತು ಅಲ್ಲಿಗೆ ಹೋಗಿಬರೋಣ.

ಪಾರ್ಲಿಮೆಂಟಿನಲ್ಲಿ ನಗೆ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಬೀದಿಗಳು ಪ್ರಾಣಿಗಳ ಪಾಲಿಗೆ ಕ್ರೂರವಾಗಿದ್ದವು. ಲಂಡನ್ನಿನ ನಡುವೆ ಇದ್ದ ಸ್ಮಿತ್‌ಫೀಲ್ಡ್ ದನದ ಸಂತೆಗೆ ದೂರದೂರುಗಳಿಂದ ಜಾನುವಾರುಗಳನ್ನು ಹೊಡೆದುಕೊಂಡೇ ತರುತ್ತಿದ್ದರು. ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿಗಳನ್ನು ಛೂ ಬಿಡುವುದು ಜನರ ಮನರಂಜನೆಯಾಗಿತ್ತು. ಕೋಳಿಅಂಕದಲ್ಲಿ ಶ್ರೀಮಂತನೂ ಬಡವನೂ ಒಟ್ಟಿಗೆ ಕುಳಿತು ಪಣ ಕಟ್ಟುತ್ತಿದ್ದರು. ನಾಯಿಗಳನ್ನು ಗಾಡಿಗೆ ಹೂಡುವುದೂ ಇತ್ತು. ಪ್ರಾಣಿಯೆಂದರೆ ಒಡೆಯನ ಸ್ವತ್ತು. ತನ್ನ ಸ್ವತ್ತನ್ನು ತಾನು ಏನು ಮಾಡಿದರೂ ಕೇಳುವವರು ಯಾರು ಎಂಬುದೇ ಅಂದಿನ ನ್ಯಾಯವಾಗಿತ್ತು.

ಈ ನ್ಯಾಯವನ್ನು ಪ್ರಶ್ನಿಸಿದವರಲ್ಲಿ ಹಂಫ್ರಿ ಪ್ರಿಮಟ್ ಎಂಬ ಪಾದ್ರಿ ಒಬ್ಬರು. 1776ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಬೈಬಲಿನ ಆಧಾರದ ಮೇಲೆಯೇ ಒಂದು ಸರಳ ವಾದವನ್ನು ಹೂಡಿತು. ನೋವು ಮನುಷ್ಯನಿಗಾದರೂ ಪ್ರಾಣಿಗಾದರೂ ನೋವೇ. ಅದನ್ನು ವಿನಾಕಾರಣ ಉಂಟುಮಾಡುವುದು ಪಾಪ. ಸಬ್ಬತ್ ದಿನದ ವಿಶ್ರಾಂತಿಯನ್ನು ಎತ್ತಿಗೂ ಕತ್ತೆಗೂ ಕೊಡಬೇಕೆಂದು ವಿಮೋಚನಕಾಂಡವು ವಿಧಿಸುವುದನ್ನೂ, ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದೆಂದು ಧರ್ಮೋಪದೇಶಕಾಂಡವು ಹೇಳುವುದನ್ನೂ, ತನ್ನ ಪಶುವಿನ ಪ್ರಾಣದ ಬಗ್ಗೆ ಕಾಳಜಿ ವಹಿಸುವುದು ನೀತಿವಂತನ ಲಕ್ಷಣವೆಂದು ಜ್ಞಾನೋಕ್ತಿಗಳು ತಿಳಿಸುವುದನ್ನೂ ನೀವು ಬಲ್ಲಿರಿ. ದಯೆಯನ್ನೇ ಧರ್ಮದ ಬುನಾದಿಯೆಂದು ಬಗೆದ ಬಸವಣ್ಣನವರ ನಾಡಿನವರಾದ ನಮಗೆ ಈ ಮಾತು ಹೊಸದೆನಿಸುವುದಿಲ್ಲ. ಆದರೆ ಬೋಧನೆ ಬೇರೆ, ಬೀದಿಯ ಬಾಳು ಬೇರೆ.

1800ರಲ್ಲಿ ಗೂಳಿಕಾಳಗವನ್ನು ನಿಷೇಧಿಸುವ ಮಸೂದೆ ಬ್ರಿಟಿಷ್ ಪಾರ್ಲಿಮೆಂಟಿಗೆ ಬಂದು, ಕೇವಲ ಎರಡು ಮತಗಳ ಅಂತರದಲ್ಲಿ ಬಿದ್ದುಹೋಯಿತು. ಅದನ್ನು ವಿರೋಧಿಸಿದ ವಿಲಿಯಂ ವಿಂಡಮ್ ಒಂದು ಕಟು ಪ್ರಶ್ನೆಯನ್ನು ಎತ್ತಿದ್ದರು: ಬಡವನ ಆಟವನ್ನು ನಿಲ್ಲಿಸಹೊರಟ ನಾವು ಶ್ರೀಮಂತರ ಬೇಟೆಯನ್ನೇಕೆ ಮುಟ್ಟುವುದಿಲ್ಲ? ಪ್ರಶ್ನೆ ನ್ಯಾಯವಾದುದೇ, ಆದರೆ ಅದು ಗೂಳಿಯ ನೋವಿಗೆ ಉತ್ತರವಾಗಿರಲಿಲ್ಲ. 1809ರಲ್ಲಿ ಲಾರ್ಡ್ ಅರ್ಸ್ಕಿನ್ ತಂದ ಮಸೂದೆ ಮೇಲ್ಮನೆಯನ್ನು ದಾಟಿ ಕೆಳಮನೆಯಲ್ಲಿ ಸೋತಿತು. 1821ರಲ್ಲಿ ಐರ್ಲೆಂಡಿನ ಗಾಲ್ವೇ ಪ್ರಾಂತದ ಸದಸ್ಯ ರಿಚರ್ಡ್ ಮಾರ್ಟಿನ್ ಮತ್ತೆ ಪ್ರಯತ್ನಿಸಿದರು. ಕತ್ತೆಗಳಿಗೂ ರಕ್ಷಣೆ ಬೇಕೆಂಬ ಮಾತು ಬಂದಾಗ ಸಭೆಯಲ್ಲಿ ನಗೆಯ ಅಲೆಯೆದ್ದಿತು. ಮುಂದೆ ನಾಯಿ ಬೆಕ್ಕುಗಳಿಗೂ ಕಾನೂನು ಕೇಳುವಿರೇನೋ ಎಂದು ಕೆಲವರು ಗೇಲಿ ಮಾಡಿದರು.

ನಗುವವರು ನಗುತ್ತಿರಲು, 1822ರ ಜುಲೈ 22ರಂದು ಮಾರ್ಟಿನ್ ಅವರ ಕಾಯಿದೆ ಜಾರಿಗೆ ಬಂದಿತು. ಕುದುರೆ, ದನ, ಕುರಿ ಮೊದಲಾದವುಗಳನ್ನು ಕ್ರೂರವಾಗಿ ಹೊಡೆದು ಹಿಂಸಿಸಿದವನಿಗೆ ಐದು ಪೌಂಡುಗಳವರೆಗೆ ದಂಡ, ತಪ್ಪಿದರೆ ಮೂರು ತಿಂಗಳವರೆಗೆ ಸೆರೆ. ಮಾರ್ಟಿನ್ ತಾವೇ ಸಂತೆಗಳಲ್ಲಿ ತಿರುಗಿ ತಪ್ಪಿತಸ್ಥರನ್ನು ನ್ಯಾಯಾಲಯಕ್ಕೆ ತಂದರು. ಒಮ್ಮೆ ಪೆಟ್ಟು ತಿಂದ ಕತ್ತೆಯನ್ನೇ ಸಾಕ್ಷಿಯಾಗಿ ನ್ಯಾಯಾಧೀಶರ ಮುಂದೆ ನಿಲ್ಲಿಸಿದರೆಂಬ ಪ್ರತೀತಿಯಿದ್ದು, ಆ ದೃಶ್ಯದ ಚಿತ್ರವೂ ಪ್ರಸಿದ್ಧವಾಯಿತು. ದಂಡ ಕಟ್ಟಲಾಗದ ಬಡವರ ಪರವಾಗಿ ತಾವೇ ಹಣ ತೆತ್ತದ್ದೂ ಉಂಟು. ಶಿಕ್ಷೆಯಲ್ಲ, ಮನಸ್ಸಿನ ತಿದ್ದುವಿಕೆಯೇ ಅವರಿಗೆ ಬೇಕಾಗಿತ್ತು.

ಸೆರೆಮನೆ ಸೇರಿದ ಪಾದ್ರಿ

ಆದರೆ ಒಬ್ಬ ಮನುಷ್ಯ ಎಷ್ಟು ಸಂತೆಗಳನ್ನು ಸುತ್ತಬಲ್ಲ? ಕಾನೂನು ಕಾಗದದ ಮೇಲೆ ಉಳಿಯದಿರಬೇಕಾದರೆ ಅದನ್ನು ಬೆನ್ನಟ್ಟುವ ಜನ ಬೇಕು. ಇಲ್ಲಿಯೇ ನಮ್ಮ ಕಥೆಯ ಮುಖ್ಯ ವ್ಯಕ್ತಿ ಬರುತ್ತಾರೆ. ಅವರ ಹೆಸರು ಆರ್ಥರ್ ಬ್ರೂಮ್. ಲಂಡನ್ನಿನ ಬ್ರೋಮ್ಲಿ ಸೇಂಟ್ ಲೆನರ್ಡ್ ಎಂಬ ಆಂಗ್ಲಿಕನ್ ಸಭೆಯ ಪಾಲಕರಾಗಿದ್ದ ಅವರು ಪ್ರಿಮಟ್ ಅವರ ಮರೆತುಹೋದ ಪುಸ್ತಕವನ್ನು ಸಂಕ್ಷೇಪಿಸಿ ಮತ್ತೆ ಅಚ್ಚು ಹಾಕಿಸಿದರು. 1822ರಲ್ಲಿ ಒಂದು ಸಂಘ ಕಟ್ಟಲು ಯತ್ನಿಸಿದರು, ಅದು ನಿಲ್ಲಲಿಲ್ಲ. ಎದೆಗುಂದದೆ 1824ರ ಜೂನ್ 16ರಂದು ಸೇಂಟ್ ಮಾರ್ಟಿನ್ಸ್ ಲೇನಿನ ಕಾಫಿ ಮನೆಯೊಂದರಲ್ಲಿ ಮತ್ತೆ ಸಭೆ ಕರೆದರು. ಆ ಕಾಫಿ ಮನೆಯ ಹೆಸರು 'ಓಲ್ಡ್ ಸ್ಲಾಟರ್ಸ್'. ಸ್ಲಾಟರ್ ಎಂದರೆ ವಧೆ ಎಂದರ್ಥವಾದರೂ ಇಲ್ಲಿ ಅದು ಮೂಲ ಮಾಲೀಕನ ಕುಲನಾಮವಷ್ಟೇ. ಅಲ್ಲಿ ಸೇರಿದ 22 ಜನ ಪ್ರಾಣಿಹಿಂಸಾ ನಿವಾರಣಾ ಸಂಘವನ್ನು ಸ್ಥಾಪಿಸಿದರು. ಥಾಮಸ್ ಫೋವೆಲ್ ಬಕ್ಸ್‌ಟನ್ ಅಧ್ಯಕ್ಷತೆ ವಹಿಸಿದ್ದರು, ಮಾರ್ಟಿನ್ ಇದ್ದರು, ಗುಲಾಮರ ವ್ಯಾಪಾರದ ವಿರುದ್ಧ ಬಾಳನ್ನೇ ಮುಡಿಪಾಗಿಟ್ಟ ವಿಲಿಯಂ ವಿಲ್ಬರ್‌ಫೋರ್ಸ್ ಇದ್ದರು.

ಸಂಘ ಎರಡು ಸಮಿತಿಗಳನ್ನು ಮಾಡಿಕೊಂಡಿತು. ಒಂದು, ಪುಸ್ತಿಕೆಗಳ ಮೂಲಕವೂ ಪ್ರಸಂಗಗಳ ಮೂಲಕವೂ ಜನರ ಮನಸ್ಸನ್ನು ಬದಲಾಯಿಸುವುದಕ್ಕೆ. ಇನ್ನೊಂದು, ಸಂತೆ, ಬೀದಿ, ಕಸಾಯಿಖಾನೆಗಳನ್ನು ಕಣ್ಣಾರೆ ನೋಡಿ ಬರುವುದಕ್ಕೆ. ಬೋಧನೆಯೂ ಬೇಕು, ಕಾವಲೂ ಬೇಕು ಎಂಬ ಈ ವಿವೇಕ ಗಮನಾರ್ಹವಾದುದು. ಬ್ರೂಮ್ ಸಭೆಯ ಹುದ್ದೆಯನ್ನೂ ಅದರಿಂದ ಬರುತ್ತಿದ್ದ ಆದಾಯವನ್ನೂ ಬಿಟ್ಟು, ಸಂಬಳವಿಲ್ಲದ ಕಾರ್ಯದರ್ಶಿಯಾದರು. ಸ್ಮಿತ್‌ಫೀಲ್ಡಿನಲ್ಲಿ ನಿಗಾ ವಹಿಸಲು ತಮ್ಮ ಕೈಯಿಂದಲೇ ಹಣ ಕೊಟ್ಟು ಆಳುಗಳನ್ನು ನೇಮಿಸಿದರು. ಮೊದಲ ವರ್ಷದಲ್ಲಿಯೇ 63 ಮಂದಿ ನ್ಯಾಯಾಲಯದ ಕಟ್ಟೆ ಹತ್ತಬೇಕಾಯಿತು.

ಕೆಲಸ ಬೆಳೆಯಿತು, ಚಂದಾ ಬೆಳೆಯಲಿಲ್ಲ. 1826ರ ಹೊತ್ತಿಗೆ ಸಂಘದ ಸಾಲ ಸುಮಾರು 300 ಪೌಂಡುಗಳಿಗೆ ಏರಿತು. ಸಾಲಕ್ಕೆ ಜಾಮೀನು ನಿಂತಿದ್ದವರು ಬ್ರೂಮ್. ಪ್ರಾಣಿಗಳನ್ನು ಹಿಂಸಿಸುವವರನ್ನು ನ್ಯಾಯಾಲಯಕ್ಕೆ ಎಳೆದ ಪಾದ್ರಿ ಕೊನೆಗೆ ತಾವೇ ಸಾಲಗಾರರ ಸೆರೆಮನೆ ಸೇರಿದರು.

ಪ್ರಿಯರೇ, ಇಲ್ಲಿ ಒಂದು ಕ್ಷಣ ನಿಲ್ಲಿರಿ. ಪ್ರಾಣಿದಯೆಯನ್ನು ನಾವು ಸಾಮಾನ್ಯವಾಗಿ ಒಂದು ಮೃದುವಾದ ಭಾವನೆಯೆಂದು ತಿಳಿಯುತ್ತೇವೆ. ಮರಿಯನ್ನು ಮುದ್ದಿಸುವುದಕ್ಕೆ ಖರ್ಚಿಲ್ಲ. ಆದರೆ ಅದರ ಹೊಣೆ ಹೊರುವುದಕ್ಕೆ ಬೆಲೆಯಿದೆ. ಆ ಬೆಲೆಯನ್ನು ಯಾರಾದರೂ ತೆರಲೇಬೇಕು. ಬ್ರೂಮ್ ಅದನ್ನು ತಮ್ಮ ಹುದ್ದೆಯಿಂದಲೂ ಸ್ವಾತಂತ್ರ್ಯದಿಂದಲೂ ತೆತ್ತರು. ಮಾರ್ಟಿನ್ ಕೂಡ 1827ರಲ್ಲಿ ಪಾರ್ಲಿಮೆಂಟಿನ ಸ್ಥಾನ ಕಳೆದುಕೊಂಡು, ಸಾಲಗಾರರ ಕಾಟಕ್ಕೆ ಫ್ರಾನ್ಸಿಗೆ ಹೋಗಿ, 1834ರಲ್ಲಿ ಅಲ್ಲಿಯೇ ತೀರಿಕೊಂಡರು.

ನಾಚಿಕೆಯ ಒಂದು ಪುಟ

ಬ್ರೂಮ್ ಅವರನ್ನು ಬಿಡಿಸಲು ಹಣ ಕೂಡಿಸಿದವರಲ್ಲಿ ಮಾರ್ಟಿನ್ ಅವರ ಜೊತೆಗೆ ನಿಂತವರು ಲೂಯಿಸ್ ಗಾಂಪರ್ಟ್ಸ್ ಎಂಬ ಯೆಹೂದ್ಯರು. ಅವರ ನಿಷ್ಠೆ ಅಸಾಮಾನ್ಯವಾದುದು. ಮಾಂಸ, ಹಾಲು, ಮೊಟ್ಟೆಗಳನ್ನು ಸೇವಿಸುತ್ತಿರಲಿಲ್ಲ. ಕುದುರೆ ಎಳೆಯುವ ಗಾಡಿಯನ್ನು ಹತ್ತುತ್ತಿರಲಿಲ್ಲ. ಬ್ರೂಮ್ ಅವರ ನಂತರ ಕಾರ್ಯದರ್ಶಿಯಾಗಿ ಮುಳುಗುತ್ತಿದ್ದ ಸಂಘವನ್ನು ದಡ ಸೇರಿಸಿದವರು ಅವರೇ. ಆದರೆ 1832ರಲ್ಲಿ, ಇದು ಕ್ರೈಸ್ತ ತತ್ತ್ವಗಳ ಮೇಲೆ ಮಾತ್ರ ನಿಂತ ಸಂಘವೆಂದು ಸದಸ್ಯರು ನಿರ್ಣಯ ಮಾಡಿದರು. ಸಂಘವನ್ನು ಉಳಿಸಿದವರೇ ಅದರಿಂದ ಹೊರಬೀಳಬೇಕಾಯಿತು. ಗಾಂಪರ್ಟ್ಸ್ ಕಹಿಯನ್ನು ನುಂಗಿಕೊಂಡು ಬೇರೊಂದು ಸಂಘ ಕಟ್ಟಿ ಅದೇ ಕೆಲಸವನ್ನು ಮುಂದುವರಿಸಿದರು.

ಇತಿಹಾಸ ಬರೆಯುವಾಗ ನಮ್ಮವರ ಹೆಮ್ಮೆಯನ್ನು ಮಾತ್ರ ಬರೆದು ಇಂಥ ಪುಟವನ್ನು ಹರಿದುಹಾಕುವುದು ಸರಿಯಲ್ಲ. ಕತ್ತೆಯ ಬೆನ್ನಿನ ಗಾಯವನ್ನು ಕಂಡು ಮರುಗಿದವರಿಗೆ ಪಕ್ಕದಲ್ಲಿ ಕುಳಿತ ಮನುಷ್ಯನ ಗಾಯ ಕಾಣಲಿಲ್ಲ. ಒಂದು ಬಗೆಯ ದಯೆ ಇದ್ದವನಿಗೆ ಎಲ್ಲ ಬಗೆಯ ದಯೆಯೂ ತಾನಾಗಿ ಬರುವುದಿಲ್ಲ, ಪ್ರತಿಯೊಂದನ್ನೂ ಕಲಿಯಬೇಕು.

1835ರಲ್ಲಿ ರಾಜಕುಮಾರಿ ವಿಕ್ಟೋರಿಯಾ ಸಂಘಕ್ಕೆ ಆಶ್ರಯ ನೀಡಿದರು. ಅದೇ ವರ್ಷ ಹೊಸ ಕಾಯಿದೆ ಬಂದು ಗೂಳಿಕಾಳಗ, ಕೋಳಿಅಂಕಗಳಿಗೆ ನಿಷೇಧ ಬಿತ್ತು. ಒಂದು ಕಾಲಕ್ಕೆ ಪಾರ್ಲಿಮೆಂಟಿನಲ್ಲಿ ನಗೆಗೀಡಾಗಿದ್ದ ನಾಯಿಗೂ ಕಾನೂನಿನ ರಕ್ಷಣೆ ದೊರೆಯಿತು. 1837ರಲ್ಲಿ ವಿಕ್ಟೋರಿಯಾ ಸಿಂಹಾಸನವೇರಿದರು; ಅದೇ ವರ್ಷ ಬ್ರೂಮ್ ಜನರ ನೆನಪಿನಿಂದ ದೂರವಾಗಿ ಬರ್ಮಿಂಗ್‌ಹ್ಯಾಮಿನಲ್ಲಿ ಕಣ್ಣುಮುಚ್ಚಿದರು. 1840ರಲ್ಲಿ ಸಂಘದ ಹೆಸರಿಗೆ 'ರಾಯಲ್' ಎಂಬ ಬಿರುದು ಸೇರಿತು. ಆರ್‌ಎಸ್‌ಪಿಸಿಎ ಎಂಬ ಹೆಸರಿನಿಂದ ಅದು 2024ರಲ್ಲಿ ಇನ್ನೂರು ವರ್ಷಗಳನ್ನು ಪೂರೈಸಿತು.

'ಮನುಷ್ಯರೇ ಹಸಿದಿರುವಾಗ...'

ದುಡಿಯುವ ಪ್ರಾಣಿಯಿಂದ ಮನೆಯಲ್ಲಿ ಸಾಕಿದ ಪ್ರಾಣಿಯತ್ತ ಜನರ ಗಮನ ಹರಿಯಲು ಇನ್ನೂ ಕೆಲವು ವರ್ಷಗಳು ಬೇಕಾದವು. 1860ರಲ್ಲಿ ಮೇರಿ ಟೀಲ್ಬಿ ಎಂಬ ಮಹಿಳೆ ಲಂಡನ್ನಿನ ಹಾಲೋವೆಯಲ್ಲಿ ದಾರಿ ತಪ್ಪಿದ, ಹಸಿದ ನಾಯಿಗಳಿಗಾಗಿ ಒಂದು ತಾತ್ಕಾಲಿಕ ಮನೆಯನ್ನು ತೆರೆದರು. ಪತ್ರಿಕೆಗಳು ಲೇವಡಿ ಮಾಡಿದವು. ಅನಾಥ ಮಕ್ಕಳು ಬೀದಿಯಲ್ಲಿರುವಾಗ ನಾಯಿಗಳಿಗೆ ಮನೆಯೇ ಎಂಬುದು ಜನರ ಆಕ್ಷೇಪ. ಐದೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ಆದರೆ ಆ ಮನೆ 1871ರಲ್ಲಿ ಬ್ಯಾಟರ್ಸೀಗೆ ಸ್ಥಳಾಂತರಗೊಂಡು, ಇಂದಿಗೂ ಬೀದಿಪಾಲಾದ ನಾಯಿ ಬೆಕ್ಕುಗಳಿಗೆ ಹೊಸ ಮನೆಗಳನ್ನು ಹುಡುಕಿಕೊಡುತ್ತಿದೆ.

ಜನರು ಅಂದು ಎತ್ತಿದ ಆಕ್ಷೇಪವನ್ನು ಇಂದೂ ಕೇಳುತ್ತೇವೆ. ಅದಕ್ಕೆ ಇತಿಹಾಸವೇ ಒಂದು ಉತ್ತರ ಕೊಟ್ಟಿದೆ. 1874ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಮೇರಿ ಎಲನ್ ಎಂಬ ಪುಟ್ಟ ಬಾಲಕಿಯನ್ನು ಸಾಕಿದವರೇ ದಿನವೂ ಹೊಡೆದು ಹಿಂಸಿಸುತ್ತಿದ್ದರು. ಬಡವರ ಮನೆಗಳಿಗೆ ಭೇಟಿ ಕೊಡುತ್ತಿದ್ದ ಎಟ್ಟಾ ವೀಲರ್ ಎಂಬ ಕ್ರೈಸ್ತ ಸೇವಕಿ ಎಲ್ಲೆಡೆ ಮೊರೆಯಿಟ್ಟರೂ ಮಗುವನ್ನು ಬಿಡಿಸುವವರು ಸಿಗಲಿಲ್ಲ. ಕೊನೆಗೆ ಆಕೆ ಹೋದದ್ದು, ಲಂಡನ್ನಿನ ಮಾದರಿಯಲ್ಲಿ 1866ರಲ್ಲಿ ಅಮೆರಿಕದಲ್ಲಿ ಪ್ರಾಣಿದಯಾ ಸಂಘ ಕಟ್ಟಿದ್ದ ಹೆನ್ರಿ ಬರ್ಗ್ ಬಳಿಗೆ. ಬರ್ಗ್ ಅವರ ಪ್ರಯತ್ನದಿಂದ ಮಗು ಬಿಡುಗಡೆಯಾಯಿತು. ಆ ಪ್ರಕರಣದಿಂದಲೇ ಮಕ್ಕಳ ಮೇಲಿನ ಕ್ರೌರ್ಯವನ್ನು ತಡೆಯುವ ಜಗತ್ತಿನ ಮೊದಲ ಸಂಘ ನ್ಯೂಯಾರ್ಕಿನಲ್ಲಿ ಹುಟ್ಟಿತು. ಗುಲಾಮರ ಬಿಡುಗಡೆಗೆ ಹೋರಾಡಿದ ಬಕ್ಸ್‌ಟನ್ ಮತ್ತು ವಿಲ್ಬರ್‌ಫೋರ್ಸ್ ಅವರೇ ಪ್ರಾಣಿಗಳ ಪರವಾಗಿಯೂ ನಿಂತಿದ್ದರೆಂಬುದನ್ನು ಇದರೊಡನೆ ನೆನೆಯಿರಿ. ದಯೆಯೆಂಬುದು ಒಬ್ಬರಿಗೆ ಬಡಿಸಿದರೆ ಇನ್ನೊಬ್ಬರಿಗೆ ಕಡಿಮೆಯಾಗುವ ಗಂಜಿಯಲ್ಲ.

ಭಾರತಕ್ಕೆ ಬಂದ ಬಗೆ

ಲಂಡನ್ನಿನಲ್ಲಿ ಹೊತ್ತಿದ ಈ ದೀಪ ನಮ್ಮ ದೇಶಕ್ಕೆ ಬಂದದ್ದು 1861ರಲ್ಲಿ. ಕೋಲ್ಸ್‌ವರ್ದಿ ಗ್ರಾಂಟ್ ಎಂಬ ಚಿತ್ರಕಾರರು ಕಲ್ಕತ್ತೆಯಲ್ಲಿ ಪ್ರಾಣಿಹಿಂಸಾ ನಿವಾರಣಾ ಸಂಘವನ್ನು ಆರಂಭಿಸಿದರು. 1890ರಲ್ಲಿ ಬ್ರಿಟಿಷ್ ಸರ್ಕಾರ ಅಖಿಲ ಭಾರತ ಮಟ್ಟದ ಒಂದು ಕಾಯಿದೆ ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ, ಭರತನಾಟ್ಯದ ಪುನರುತ್ಥಾನಕ್ಕೆ ಹೆಸರಾದ ರುಕ್ಮಿಣೀದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, ಹಳೆಯ ಕಾನೂನು ಸಾಲದೆಂದು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರ್ಕಾರವೇ ಕಾನೂನು ತರುವುದೆಂಬ ಪ್ರಧಾನಿ ನೆಹರೂ ಅವರ ಭರವಸೆಯ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಆ ಭರವಸೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಾಗಿ ಈಡೇರಿತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆಯಾದರು. 1976ರಲ್ಲಿ ಸಂವಿಧಾನಕ್ಕೆ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಬಗ್ಗೆ ಅನುಕಂಪ ತೋರುವುದೂ ಒಂದಾಯಿತು.

ನಮ್ಮ ರಾಜಧಾನಿಗೂ ಈ ಪರಂಪರೆಯ ಕೊಂಡಿಯೊಂದಿದೆ. ಜೈಪುರದಲ್ಲಿ ಪ್ರಾಣಿಗಳ ಆಸರೆಮನೆ ಕಟ್ಟಿದ್ದ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ತಮ್ಮ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು, 1991ರಲ್ಲಿ 'ಕ್ಯೂಪಾ' ಸಂಸ್ಥೆಯನ್ನು ಆರಂಭಿಸಿದರು. ಅವರು 1996ರಲ್ಲಿ ನಿಧನರಾದರು. ಸಂಸ್ಥೆ ಬೆಳೆದು ನಿಂತಿತು.

1960ರ ಕಾಯಿದೆಯನ್ನು ನೀವು ಒಮ್ಮೆ ಓದಬೇಕು. ಪ್ರಾಣಿಯ ಪೋಷಣೆಯ ಹೊಣೆ ಹೊತ್ತವನು ಅದರ ಕ್ಷೇಮಕ್ಕೆ ತಕ್ಕ ಎಲ್ಲ ಕ್ರಮಗಳನ್ನೂ ಕೈಗೊಳ್ಳಬೇಕು ಎಂದು ಅದರ ಮೂರನೆಯ ಪ್ರಕರಣ ಹೇಳುತ್ತದೆ. ಹನ್ನೊಂದನೆಯ ಪ್ರಕರಣದಲ್ಲಿ ಯಾವುದು ಕ್ರೌರ್ಯ ಎಂಬ ಪಟ್ಟಿಯಿದೆ. ಹೊಡೆಯುವುದು, ಮಿತಿಮೀರಿ ಹೇರುವುದು ಮಾತ್ರವಲ್ಲ. ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದೂ, ತೀರ ಗಿಡ್ಡನೆಯ ಅಥವಾ ಭಾರವಾದ ಸರಪಳಿಯಲ್ಲಿ ಬಹುಹೊತ್ತು ಕಟ್ಟಿಹಾಕುವುದೂ, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದೂ, ತಕ್ಕ ಕಾರಣವಿಲ್ಲದೆ ಅದನ್ನು ಬೀದಿಪಾಲು ಮಾಡುವುದೂ ಅಪರಾಧಗಳೇ. ಆದರೆ ಮೊದಲ ತಪ್ಪಿಗೆ ಆ ಕಾಯಿದೆ ವಿಧಿಸಿದ ದಂಡ 10ರಿಂದ 50 ರೂಪಾಯಿಗಳು ಮಾತ್ರ! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಪ್ರಾಣಿಯನ್ನು ಕೇಡಿನ ಉದ್ದೇಶದಿಂದ ಕೊಲ್ಲುವುದಕ್ಕೂ ಅಂಗಹೀನ ಮಾಡುವುದಕ್ಕೂ ಐದು ವರ್ಷಗಳವರೆಗಿನ ಸೆರೆಯನ್ನು ವಿಧಿಸುತ್ತದೆ. ಹಳೆಯ ದಂಡಸಂಹಿತೆಯಲ್ಲಿ ಇಂಥ ಅಪರಾಧವನ್ನು ಪ್ರಾಣಿಯ ರೂಪಾಯಿ ಬೆಲೆಯಿಂದ ಅಳೆಯಲಾಗುತ್ತಿತ್ತು. ಈಗ ಆ ಅಳತೆ ಇಲ್ಲ. ಆದರೂ ಸರಪಳಿ, ಖಾಲಿ ಬಟ್ಟಲು, ಒಂಟಿತನ ಇವುಗಳ ವಿಷಯದಲ್ಲಿ ಪೊಲೀಸರು ನಮ್ಮ ಅಂಗಳಕ್ಕೆ ಬರುವುದು ಅಪರೂಪ. ಅಲ್ಲಿ ಕಾಯುವುದು ನಮ್ಮ ಅಂತಃಸಾಕ್ಷಿಯೊಂದೇ.

ನಮ್ಮ ಮನೆಯ ಟೈಗರ್

ಆ ಹನ್ನೊಂದನೆಯ ಪ್ರಕರಣವನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮದೇ ಮನೆ. ನನ್ನ ಬಾಲ್ಯದಲ್ಲಿ ಟೈಗರ್ ಎಂಬ ಕಂದುಬಣ್ಣದ ನಾಟಿನಾಯಿಯೊಂದು ನಮ್ಮಲ್ಲಿತ್ತು. ಹಗಲೆಲ್ಲ ಕಟ್ಟಿದರೆ ರಾತ್ರಿ ಚುರುಕಾಗಿ ಕಾಯುತ್ತದೆಂಬ ನಂಬಿಕೆಯಿಂದ ಅದನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟುತ್ತಿದ್ದೆವು. ದಿನ ಕಳೆದಂತೆ ರಾತ್ರಿಯೂ ಬಿಚ್ಚುವುದನ್ನು ಮರೆತೆವು. ಸರಪಳಿ ಎಟಕುವಷ್ಟು ದೂರ ಸುತ್ತಲೂ ನೆಲ ಸವೆದು, ಅಲ್ಲಿ ಹುಲ್ಲೇ ಹುಟ್ಟುತ್ತಿರಲಿಲ್ಲ. ಬೇಸಗೆಯಲ್ಲಿ ನೀರಿನ ಬಟ್ಟಲು ಮಗುಚಿಬಿದ್ದರೆ ಸಂಜೆಯವರೆಗೂ ಯಾರೂ ನೋಡುತ್ತಿರಲಿಲ್ಲ. ನಾವು ಕೆಟ್ಟ ಜನರಾಗಿರಲಿಲ್ಲ. ಅಪ್ಪ ಭಿಕ್ಷುಕರನ್ನು ಬರಿಗೈಯಲ್ಲಿ ಕಳುಹಿಸಿದವರಲ್ಲ. ಭಾನುವಾರದ ಆರಾಧನೆಯನ್ನು ನಾವು ತಪ್ಪಿಸಿದವರಲ್ಲ. ಟೈಗರ್ ಎಂದರೆ ನಮಗೆಲ್ಲ ಪ್ರೀತಿಯಿತ್ತು. ಅದು ಸತ್ತ ದಿನ ಮನೆಯಲ್ಲಿ ಎಲ್ಲರೂ ಅತ್ತೆವು.

ಪ್ರೀತಿಯಿತ್ತು, ಹೊಣೆಯಿರಲಿಲ್ಲ. ಮಣಲೇರನಿಗೂ ನಮಗೂ ಸಾವಿರ ವರ್ಷಗಳ ಅಂತರವಿದ್ದರೂ, ಈ ಒಂದು ವಿಷಯದಲ್ಲಿ ನಾವು ಅವನಿಗಿಂತ ಮುಂದೆ ಹೋಗಿರಲಿಲ್ಲ.

ಸಾಕುವ ಮೊದಲು, ಸಾಕಿದ ಮೇಲೆ

ಹಾಗಾದರೆ ಹೊಣೆಗಾರಿಕೆ ಎಂದರೇನು? 1965ರಲ್ಲಿ ಬ್ರಿಟನ್ನಿನ ಬ್ರಾಂಬೆಲ್ ಸಮಿತಿಯು ಕೃಷಿ ಪ್ರಾಣಿಗಳ ಸ್ಥಿತಿಗತಿಯನ್ನು ಕುರಿತು ವರದಿ ನೀಡಿತು. ಅದರ ಆಧಾರದ ಮೇಲೆ 1979ರಲ್ಲಿ ರೂಪುಗೊಂಡ 'ಐದು ಸ್ವಾತಂತ್ರ್ಯ'ಗಳು ಇಂದು ಎಲ್ಲ ಸಾಕುಪ್ರಾಣಿಗಳಿಗೂ ಅಳತೆಗೋಲಾಗಿವೆ: ಹಸಿವು ಬಾಯಾರಿಕೆಗಳಿಂದ ಬಿಡುಗಡೆ, ಮಳೆ ಬಿಸಿಲುಗಳ ಕಷ್ಟದಿಂದ ಬಿಡುಗಡೆ, ನೋವು, ಗಾಯ, ರೋಗಗಳಿಂದ ಬಿಡುಗಡೆ, ಭಯ ಸಂಕಟಗಳಿಂದ ಬಿಡುಗಡೆ, ತನ್ನ ಸಹಜ ಗುಣಕ್ಕೆ ತಕ್ಕಂತೆ ನಡೆಯುವ ಸ್ವಾತಂತ್ರ್ಯ. 2014ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ಐದನ್ನೂ ಎತ್ತಿಹಿಡಿಯಿತು. ಕೊನೆಯದನ್ನೇ ನಾವು ಹೆಚ್ಚಾಗಿ ಮರೆಯುವುದು. ಓಡಲು ಹುಟ್ಟಿದ ನಾಯಿಯನ್ನು ಬಾಲ್ಕನಿಯಲ್ಲಿ ಕೂಡಿಹಾಕಿ, ಹಿಮದ ನಾಡಿನ ದಟ್ಟ ರೋಮದ ತಳಿಯನ್ನು ನಮ್ಮ ಸೆಖೆಯಲ್ಲಿ ಸಾಕಿ, ಒಳ್ಳೆಯ ಆಹಾರ ಕೊಟ್ಟರೆ ಸಾಕೆಂದುಕೊಳ್ಳುತ್ತೇವೆ. ನಮ್ಮ ಹವೆಗೆ ಒಗ್ಗಿದ ನಾಟಿನಾಯಿಗಳು ಆಸರೆಮನೆಗಳಲ್ಲಿ ಕಾದಿರುವಾಗ ದೂರದ ತಳಿಗೇಕೆ ಸಾವಿರಾರು ರೂಪಾಯಿ? ಕೊಳ್ಳುವುದೇ ಆದರೆ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲವೆಂಬ 2017ರ ನಿಯಮವನ್ನಾದರೂ ನೆನಪಿಡಿರಿ.

ಮಕ್ಕಳ ಹುಟ್ಟುಹಬ್ಬಕ್ಕೋ ಕ್ರಿಸ್ಮಸ್ಸಿಗೋ ಮರಿಯನ್ನು ಉಡುಗೊರೆ ಕೊಡುವ ಮೊದಲು ಮನೆಯವರೆಲ್ಲ ಕುಳಿತು ಮಾತಾಡಿಕೊಳ್ಳಿರಿ. ನಾಯಿಯ ಆಯುಷ್ಯ ಹತ್ತು ಹನ್ನೆರಡು ವರ್ಷ. ಇಂದು ಐದನೆಯ ತರಗತಿಯಲ್ಲಿರುವ ಮಗ ಉದ್ಯೋಗಕ್ಕೆಂದು ಊರು ಬಿಡುವ ಹೊತ್ತಿಗೆ ಆ ನಾಯಿ ಮುದಿಯಾಗಿರುತ್ತದೆ. ಆಗ ಅದನ್ನು ನೋಡಿಕೊಳ್ಳುವವರು ಯಾರು? ಮನೆ ಬದಲಾಯಿಸುವಾಗ, ವಿದೇಶಕ್ಕೆ ಹೊರಡುವಾಗ ಅದನ್ನು ಸಂತೆಬೀದಿಯಲ್ಲಿ ಬಿಟ್ಟುಬರುವ ಕುಟುಂಬಗಳು ನಮ್ಮ ನಡುವೆಯೂ ಇವೆ.

ನೆರೆಯವರ ಬಗೆಗೂ ನಮಗೆ ಹೊಣೆಯಿದೆ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಟ್ಟು ಬದುಕಿಸಿದರು. ನಮ್ಮಲ್ಲಿ ಕಸೌಲಿಯಲ್ಲಿ 1900ರಲ್ಲಿ, ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆಗಳು ಆರಂಭವಾದವು. ಬ್ರಿಟನ್ ದೇಶವು ನಾಯಿಗಳಿಗೆ ಬಾಯಿಕುಕ್ಕೆ ಕಟ್ಟುವ ನಿಯಮದಿಂದಲೂ, ಹೊರಗಿನಿಂದ ಬಂದ ನಾಯಿಗಳನ್ನು ಪ್ರತ್ಯೇಕವಾಗಿಟ್ಟು ನೋಡುವ ಕ್ರಮದಿಂದಲೂ 1902ರ ಹೊತ್ತಿಗೆ ರೇಬೀಸನ್ನು ತೊಲಗಿಸಿತ್ತು. ಆದರೂ ಇಂದಿಗೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಆ ರೋಗದಿಂದ ಸಾಯುತ್ತಾರೆಂದು ಅಂದಾಜು. ಮನುಷ್ಯರಿಗೆ ಅದು ಹೆಚ್ಚುಕಡಿಮೆ ಯಾವಾಗಲೂ ನಾಯಿಯಿಂದಲೇ ಬರುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಮೊದಲೇ ತಡೆಯುವುದು ಸುಲಭ. ಮರಿಗೆ ಮೂರು ತಿಂಗಳಾಗುವ ಹೊತ್ತಿಗೆ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ. ಕಚ್ಚಿಸಿಕೊಂಡವರು ಅರಿಸಿನ, ಸುಣ್ಣ ಹಚ್ಚುತ್ತ ಕೂರದೆ, ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ಗಾಯವನ್ನು ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತೂ ಇಲ್ಲಿದೆ. ಹೆಣ್ಣುನಾಯಿ ಒಂಬತ್ತು ವಾರಗಳಲ್ಲಿ ಈಯುತ್ತದೆ. ವರ್ಷಕ್ಕೆರಡು ಸೂಲೂ ಆಗಬಹುದು. ಗಂಡುಮರಿಯನ್ನು ಇಟ್ಟುಕೊಂಡು ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಊರಾಚೆ ಬಿಡುವ ರೂಢಿ ನಮ್ಮಲ್ಲಿ ಹಳೆಯದು. ಬೀದಿನಾಯಿಗಳಿಗೆ ಸಂತಾನಹರಣ ಮತ್ತು ಲಸಿಕೆ ಮಾಡುವ ನಿಯಮಗಳು 2001ರಲ್ಲಿ ಬಂದು 2023ರಲ್ಲಿ ಹೊಸದಾಗಿ ರೂಪುಗೊಂಡವು. 2025ರಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಹಲವು ಆದೇಶಗಳನ್ನು ನೀಡಿದಾಗ ದೇಶವೆಲ್ಲ ಎರಡು ಪಾಳೆಯವಾಗಿ ವಾದಿಸಿತು. ಕಚ್ಚಿಸಿಕೊಂಡ ಮಗುವಿನ ತಾಯಿಯ ಕಣ್ಣೀರೂ ನಿಜ, ನಾಯಿಯ ಹಸಿವೂ ನಿಜ. ಆದರೆ ವಾದಿಸುವ ಮುನ್ನ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇಂದಿನ ಬೀದಿನಾಯಿಗಳಲ್ಲಿ ನಿನ್ನೆ ನಮ್ಮಂಥವರ ಮನೆಯಿಂದ ಹೊರಬಿದ್ದ ಮರಿಗಳ ಸಂತಾನ ಎಷ್ಟೋ?

ಸೆಪ್ಟೆಂಬರ್ 28, ಪಾಶ್ಚರ್ ನಿಧನರಾದ ದಿನ, ವಿಶ್ವ ರೇಬೀಸ್ ದಿನ. ಅದಾಗಿ ಒಂದು ವಾರದೊಳಗೆ, ಅಕ್ಟೋಬರ್ 4ರಂದು, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಅದೇ ವಿಶ್ವ ಪ್ರಾಣಿ ದಿನವೂ ಹೌದು. ಅಂದು ಹಲವೆಡೆ ಸಾಕುಪ್ರಾಣಿಗಳನ್ನು ದೇವಾಲಯದ ಅಂಗಳಕ್ಕೆ ತಂದು ಆಶೀರ್ವಾದ ಪಡೆಯುತ್ತಾರೆ. ಆ ವಾರದಲ್ಲಿ ನಿಮ್ಮ ಧರ್ಮಕೇಂದ್ರದ ಯುವಜನರು ಪಶುವೈದ್ಯರೊಬ್ಬರನ್ನು ಕರೆಸಿ, ಅಂಗಳದಲ್ಲಿಯೇ ಲಸಿಕೆಯ ಶಿಬಿರವನ್ನು ನಡೆಸಬಾರದೇಕೆ? ಬೋಧನೆಗೊಂದು, ಕಾವಲಿಗೊಂದು ಎಂದು ಎರಡು ಸಮಿತಿ ಮಾಡಿದ ಬ್ರೂಮ್ ಅವರಿಗೆ ಅದು ಖಂಡಿತ ಮೆಚ್ಚುಗೆಯಾಗುತ್ತಿತ್ತು.

ಈ ಲೇಖನವನ್ನು ಓದಿ ಮುಗಿಸಿದ ಮೇಲೆ ನೀವು ದೊಡ್ಡದೇನನ್ನೂ ಮಾಡಬೇಕಾಗಿಲ್ಲ. ಎದ್ದು ಹಿತ್ತಲಿಗೆ ಹೋಗಿ ನೋಡಿ. ಬಟ್ಟಲಲ್ಲಿ ನೀರಿದೆಯೇ? ಸರಪಳಿ ಎಷ್ಟು ಉದ್ದವಿದೆ? ಅದನ್ನು ಕೊನೆಯ ಬಾರಿ ಬಿಚ್ಚಿದ್ದು ಯಾವಾಗ? ಟೈಗರ್ ಹೋದ ಮೇಲೆ ನಮ್ಮ ಕೊಟ್ಟಿಗೆಯ ಬಳಿಯ ಆ ಸವೆದ ನೆಲದಲ್ಲಿ ಹುಲ್ಲು ಮತ್ತೆ ಹುಟ್ಟಲು ಎರಡು ಮಳೆಗಾಲಗಳು ಬೇಕಾದವು. ನಿಮ್ಮ ಅಂಗಳದಲ್ಲಿ ಅಂಥ ನೆಲವಿದ್ದರೆ, ಅದು ಹಸಿರಾಗುವುದಕ್ಕೆ ನಾಯಿಯ ಸಾವನ್ನು ಕಾಯಬೇಡಿರಿ.